ಹಳೆಯ ಎರಡು ಹೋಸಿನ ಡೈವಿಂಗ್ ರೆಗ್ಯುಲೇಟರ್: ದೋಷ ಹುಡುಕಿ ಸರಿಮಾಡುವ ಬಗೆ

ನಾಲ್ಕು ವರ್ಷದ ಹಿಂದೆ ಫ್ಲಾರಿಡಾದಿಂದ ನಮ್ಮ ಸೋದರಮಾವ ಬೆಂಗಳೂರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಒಂದು ಬಟ್ಟೆಯ ಗಂಟು ತಂದಿದ್ದರು. ಬಿಚ್ಚಿದರೆ ಅಂಗೈಯಗಲದ ದುಂಡನೆಯ ಹಿತ್ತಾಳೆ ಡಬ್ಬಿ. ಅದರ ಎರಡು ಬದಿಯಿಂದ ಸುಕ್ಕುಸುಕ್ಕಾದ ಎರಡು ರಬ್ಬರ್ ಹೋಸು. ನಡುವೆ ಬಾಯಿಗೆ ಕಚ್ಚುವ ತುಂಡು. ಯಾರದೋ ಗ್ಯಾರೇಜಿನಲ್ಲಿ ದಶಕಗಳ ಕಾಲ ಬಿದ್ದಿದ್ದ ಅಕ್ವಾ-ಮಾಸ್ಟರ್ ಅದು, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿಯನ್ನು ಡೈವರಿಗೆ ಉಸಿರಾಡಲು ತಕ್ಕಂತೆ ಇಳಿಸಿ ಕೊಡುವ ರೆಗ್ಯುಲೇಟರ್. ಅಮೆರಿಕದ ಯು.ಎಸ್. ಡೈವರ್ಸ್ ಕಂಪನಿ 1958ರಲ್ಲಿ ಹೊರತಂದ ಮಾದರಿ. ಹೋಸು ಮುಟ್ಟಿದರೆ ಕೈಗೆ ಕಪ್ಪು ಅಂಟುತ್ತಿತ್ತು. ಡಬ್ಬಿಯ ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಆದರೂ ಆಗಲೇ ಮನಸ್ಸಿಗೆ ಬಂತು, ಇದರಲ್ಲಿ ಉಸಿರಾಡಬೇಕು ಅಂತ.

ಈಗ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಅಲ್ಲಿಗೆ ಮುಟ್ಟಲು ನಾನು ಬೇಡದ ಭಾಗಗಳನ್ನು ಬದಲಾಯಿಸಿ ದುಡ್ಡು ಕಳೆದೆ, ಇಲ್ಲದ ದೋಷ ಹುಡುಕುತ್ತಾ ವಾರಗಟ್ಟಲೆ ಕೂತೆ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಿಚ್ಚುವ ಮೊದಲು ಅಳೆಯಿರಿ. ಯಾವ ದೋಷ ಎಲ್ಲಿ ಕಾಣಿಸುತ್ತದೆ, ಯಾವಾಗ ಕಾಣಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ನೀರಿನಡಿ ಪ್ರಾಣ ಹಿಡಿದಿಡುವ ಸಾಮಾನು. ಈಗಿನ ರೆಗ್ಯುಲೇಟರನ್ನು ಬಿಚ್ಚಿ ಜೋಡಿಸಿ ಅಭ್ಯಾಸ ಇಲ್ಲದವರು ಇದರಿಂದ ಕಲಿಕೆ ಶುರುಮಾಡಬೇಡಿ. ತಿಳಿದವರ ಪಕ್ಕದಲ್ಲಿ ಕೂತು ಒಂದೆರಡು ಸಲ ನೋಡಿ.

ಒಳಗೆ ಏನು ನಡೆಯುತ್ತದೆ

ಸಿಲಿಂಡರಿನಲ್ಲಿ 150 ಬಾರ್ ಒತ್ತಡದ ಗಾಳಿ ಇರುತ್ತದೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ರೆಗ್ಯುಲೇಟರ್ ಅದನ್ನು ಎರಡು ಹಂತದಲ್ಲಿ ಇಳಿಸುತ್ತದೆ. ಮೊದಲ ಹಂತ ಅದನ್ನು ಸುಮಾರು 7ರಿಂದ 10 ಬಾರಿಗೆ ತರುತ್ತದೆ. ಇದಕ್ಕೆ ನಡು ಒತ್ತಡ ಅನ್ನೋಣ. ನನ್ನ ಅಕ್ವಾ-ಮಾಸ್ಟರನ್ನು ನಾನು 7.5 ಬಾರಿಗೆ ಇಟ್ಟಿದ್ದೇನೆ. ನಿಮ್ಮ ಮಾದರಿಗೆ ಎಷ್ಟು ಅಂತ ಅದರ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಇಡಿ. ಎರಡನೇ ಹಂತ ಅದನ್ನು ನಿಮ್ಮ ಸುತ್ತಲಿನ ನೀರಿನ ಒತ್ತಡಕ್ಕೆ ಇಳಿಸಿ, ನೀವು ಎಳೆದಾಗ ಮಾತ್ರ ಬಿಡುತ್ತದೆ.

ಎಳೆದದ್ದು ಅದಕ್ಕೆ ಗೊತ್ತಾಗುವುದು ದೊಡ್ಡ ರಬ್ಬರ್ ಡಯಾಫ್ರಾಮಿನಿಂದ. ಡಬ್ಬಿಯ ಒಳಗೆ ಅದರ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ನೀವು ಉಸಿರೆಳೆದರೆ ಡಯಾಫ್ರಾಮ್ ಒಳಕ್ಕೆ ಬಾಗಿ ಲಿವರನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ಡಯಾಫ್ರಾಮ್ 10 ಸೆಂ.ಮೀ. ಅಗಲ ಇದೆ ಅಂದುಕೊಳ್ಳಿ. ಬರೀ 3 ಸೆಂ.ಮೀ. ನೀರಿನಷ್ಟು ಒತ್ತಡದ ವ್ಯತ್ಯಾಸ ಬಂದರೆ ಅದರ ಮೇಲೆ ಬೀಳುವ ಬಲ ಸುಮಾರು 235 ಗ್ರಾಂ. ಇಷ್ಟು ಮೆದು ಬಲದಲ್ಲಿ ನಡೆಯುವ ಯಂತ್ರ ಇದು. ಒಂದು ಲಿವರ್ ಅರ್ಧ ಮಿಲಿಮೀಟರ್ ಬಾಗಿದರೂ ಉಸಿರಿನಲ್ಲಿ ಗೊತ್ತಾಗುತ್ತದೆ.

ಬಿಟ್ಟ ಉಸಿರು ಎಡಗಡೆಯ ಹೋಸಿನಲ್ಲಿ ಹಿಂದಕ್ಕೆ ಹೋಗಿ, ಡಯಾಫ್ರಾಮಿನ ಹೊರಬದಿಯಲ್ಲಿರುವ ಬಾತುಕೋಳಿ ಕೊಕ್ಕಿನಂಥ ರಬ್ಬರ್ ಕವಾಟದಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಇದನ್ನು ಡಕ್‌ಬಿಲ್ ಅಂತಾರೆ. ಗಾಳಿ ಬರುವುದು ಬಲಗಡೆಯ ಹೋಸಿನಿಂದ. ಈ ಎಡ-ಬಲ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಗಾಳಿ ಹಾಕುವ ಮೊದಲು ಕಣ್ಣಿನಿಂದ

ಯೋಕ್ ಅಂದರೆ ಸಿಲಿಂಡರಿಗೆ ಕಚ್ಚುವ ಹಿಡಿ. ಅದರ ಬಾಯಿಯೊಳಗೆ ಬೆಲ್ಲದಚ್ಚಿನ ಹಾಗೆ ಕಾಣುವ ಒಂದು ಪುಟ್ಟ ಲೋಹದ ಫಿಲ್ಟರ್ ಇರುತ್ತದೆ. ಟಾರ್ಚ್ ಬಿಟ್ಟು ಅದರ ಬಣ್ಣ ನೋಡಿ. ಹಸಿರು ಇದ್ದರೆ ಒಳಗೆ ನೀರು ಹೋಗಿದೆ, ಅದರಲ್ಲೂ ಉಪ್ಪುನೀರು. ಹಿಂದಿನವರು ಮುಚ್ಚಳ ಹಾಕದೆ ತೊಳೆದಿದ್ದಾರೆ. ಕೆಂಪು-ಕಂದು ಇದ್ದರೆ ತುಕ್ಕು ಹಿಡಿದ ಸ್ಟೀಲ್ ಸಿಲಿಂಡರಿನ ಪುಡಿ ಬಂದಿದೆ. ಬೂದು ಬಣ್ಣ ಇದ್ದರೆ ಅಲ್ಯೂಮಿನಿಯಂ ಸಿಲಿಂಡರಿನ ಪುಡಿ ಇರಬಹುದು. ಕಪ್ಪು ಇದ್ದರೆ ಕಂಪ್ರೆಸರಿನ ಇದ್ದಿಲ ಫಿಲ್ಟರಿನಿಂದ ಬಂದದ್ದು. ನನ್ನದರಲ್ಲಿ ಹಸಿರಿತ್ತು. ಅದೊಂದರಿಂದಲೇ ಮೊದಲ ಹಂತ ಪೂರ್ತಿ ಬಿಚ್ಚಲೇಬೇಕು ಅಂತ ತೀರ್ಮಾನವಾಯಿತು.

ಹೋಸನ್ನು ಎಳೆದು ಸುಕ್ಕಿನ ಸಂದಿಗಳನ್ನು ನೋಡಿ. ಮೇಲೆ ಚೆನ್ನಾಗಿ ಕಂಡರೂ ಸಂದಿಯಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಇಷ್ಟು ಹಳೆಯ ರಬ್ಬರ್ ಹೋಸನ್ನು ಉಳಿಸಿಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಿರುಕು ಇಲ್ಲದಿದ್ದರೂ ಒಳಗಿನ ರಬ್ಬರ್ ಪುಡಿ ನಿಮ್ಮ ಪುಪ್ಪುಸಕ್ಕೆ ಹೋಗುತ್ತದೆ. ಹಳೆಯ ಹೋಸು ಬೇಕೆಂದರೆ ಗೋಡೆಯ ಮೇಲೆ ನೇತುಹಾಕಿ, ಉಸಿರಾಡಲು ಹೊಸದು ಹಾಕಿ. ಡಯಾಫ್ರಾಮ್ ಮತ್ತು ಡಕ್‌ಬಿಲ್‌ಗೂ ಇದೇ ಮಾತು. ಇವನ್ನು ಈಗ ಸಿಲಿಕೋನಿನಲ್ಲಿ ಹೊಸದಾಗಿ ಮಾಡಿ ಅಮೆರಿಕದಲ್ಲಿ ಮಾರುತ್ತಾರೆ. ತರಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಕಸ್ಟಮ್ಸ್ ಬೇರೆ. ಅದಕ್ಕೇ ಮೊದಲು ದೋಷ ಪಟ್ಟಿಮಾಡಿ, ಒಂದೇ ಸಲ ತರಿಸಿ.

ಯೋಕಿನಲ್ಲಿ ಬಿರುಕು, ಬಾಗಿದ ಗುರುತು ಇದೆಯಾ ನೋಡಿ. ಈ ಕಾಲದ ಯೋಕುಗಳನ್ನು ಮಾಡಿದ್ದು ಸುಮಾರು 150 ಬಾರಿನ ಸಿಲಿಂಡರಿಗೆ. ಈಗ ಎಲ್ಲ ಕಡೆ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಕೆಲಸದ ಒತ್ತಡ 207 ಬಾರ್. ತುಂಬಿಸುವವರಿಗೆ ಮೊದಲೇ ಹೇಳಿ, 150ಕ್ಕೆ ನಿಲ್ಲಿಸಲಿ. ಕೆಲವು ಹಳೆಯ ಯೋಕು ಈಗಿನ ದಪ್ಪ ವಾಲ್ವಿನ ಮೇಲೆ ಕೂರುವುದೇ ಇಲ್ಲ. ಬಲವಂತ ಮಾಡಬೇಡಿ.

ಸೀಟಿಯ ಶಬ್ದ

ಹಳೆಯ ರೆಗ್ಯುಲೇಟರಿನಲ್ಲಿ ಜಾಸ್ತಿ ಕಾಣುವ ದೋಷ ಇದೇ. ಸಿಲಿಂಡರ್ ತೆರೆದ ಕೂಡಲೇ, ಅಥವಾ ಸ್ವಲ್ಪ ಹೊತ್ತಿನ ಮೇಲೆ, ಬಾಯಿ ತುಂಡಿನಿಂದ ಗಾಳಿ ಸುಯ್ ಅಂತ ಸೋರುತ್ತದೆ. ಎಲ್ಲರೂ ಮೊದಲು ಬಯ್ಯುವುದು ಎರಡನೇ ಹಂತವನ್ನು, ಯಾಕೆಂದರೆ ಶಬ್ದ ಅಲ್ಲಿಂದ ಬರುತ್ತದೆ. ನಾನೂ ಅದನ್ನೇ ಮಾಡಿದೆ. ಆದರೆ ತಪ್ಪು ಮೊದಲ ಹಂತದ್ದೂ ಇರಬಹುದು. ಇವೆರಡನ್ನು ಬೇರೆ ಮಾಡದೆ ಏನನ್ನೂ ತಿರುಗಿಸಬೇಡಿ.

ಬೇರೆ ಮಾಡಲು ನಡು ಒತ್ತಡ ಅಳೆಯುವ ಗೇಜ್ ಬೇಕು. ಹಳೆಯ ಅಕ್ವಾ-ಮಾಸ್ಟರ್‌ಗಳಲ್ಲಿ ಕೆಲವಕ್ಕೆ ಪಕ್ಕದಲ್ಲಿ ತಿರುಪು ಮುಚ್ಚಿದ ಒಂದು ತೂತು ಇರುತ್ತದೆ. ದೋಣಿಯಿಂದ ಪೈಪಿನಲ್ಲಿ ಗಾಳಿ ಕೊಡಲು ಇಟ್ಟದ್ದು ಅದು. ಗೇಜನ್ನು ಅಲ್ಲಿಗೆ ಜೋಡಿಸಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸಿಲಿಂಡರ್ ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ತೆರೆಯುವಾಗ ಗೇಜಿನ ಗಾಜಿಗೆ ಮುಖ ಕೊಟ್ಟು ನಿಲ್ಲಬೇಡಿ. ನಾಲ್ಕೈದು ಸಲ ಉಸಿರೆಳೆದು ಬಿಡಿ. ಈಗ ಮುಳ್ಳು ಎಲ್ಲಿ ನಿಂತಿತು ನೋಡಿ, ಐದು ನಿಮಿಷ ಕಾಯಿರಿ.

ಮುಳ್ಳು ನಿಂತಲ್ಲೇ ನಿಂತರೆ ಮೊದಲ ಹಂತ ಸರಿಯಿದೆ. ಒಂದು ಚೂರು, ಅಂದರೆ 0.3 ಬಾರ್‌ವರೆಗೆ ಏರಿ ನಿಂತರೂ ಪರವಾಗಿಲ್ಲ. ಆದರೆ ಗಡಿಯಾರದ ಮುಳ್ಳಿನ ಹಾಗೆ ಮೇಲೆ ಮೇಲೆ ಹೋಗುತ್ತಲೇ ಇದ್ದು, 9 ಅಥವಾ 10 ಮುಟ್ಟಿದಾಗ ಸುಯ್ ಶುರುವಾದರೆ ಮೊದಲ ಹಂತದ ಸೀಟ್, ಅಂದರೆ ಕವಾಟ ಮುಚ್ಚುವ ಮೆದು ತುಂಡು, ಗಾಳಿ ತಡೆಯುತ್ತಿಲ್ಲ. ಇಲ್ಲಿ ಎರಡನೇ ಹಂತ ಒಳ್ಳೆಯ ಕೆಲಸ ಮಾಡುತ್ತಿದೆ. ಒತ್ತಡ ಮಿತಿ ಮೀರಿದಾಗ ಅದು ತಾನಾಗಿ ಬಾಯಿ ಬಿಟ್ಟು ಹೆಚ್ಚಿನ ಗಾಳಿಯನ್ನು ಹೊರಹಾಕುವ ಹಾಗೆ ಮಾಡಿದ್ದಾರೆ. ಶಬ್ದ ನಿಲ್ಲಲಿ ಅಂತ ಎರಡನೇ ಹಂತದ ಸ್ಪ್ರಿಂಗನ್ನು ಬಿಗಿ ಮಾಡಿದರೆ ನೀವು ಕಟ್ಟುವುದು ಆ ಬಾಯನ್ನೇ. ದಯವಿಟ್ಟು ಹಾಗೆ ಮಾಡಬೇಡಿ.

ಗೇಜ್ ಇಲ್ಲದವರು ಸಮಯ ನೋಡಿ. ತೆರೆದ ಕ್ಷಣವೇ ಸೋರಿದರೆ ಎರಡನೇ ಹಂತದ ಮೇಲೆ ಅನುಮಾನ. ಅರ್ಧ ನಿಮಿಷ, ಎರಡು ನಿಮಿಷ ಸುಮ್ಮನಿದ್ದು, ಆ ಮೇಲೆ ಶುರುವಾಗಿ, ಒಮ್ಮೆ ಉಸಿರೆಳೆದರೆ ನಿಂತು, ಮತ್ತೆ ಅಷ್ಟೇ ಹೊತ್ತಿಗೆ ಶುರುವಾದರೆ ಮೊದಲ ಹಂತ. ಇದರಿಂದ ಯಾವ ಕಡೆ ಬಿಚ್ಚಬೇಕು ಅಂತ ಗೊತ್ತಾಗುತ್ತದೆ. ಒತ್ತಡ ಹೊಂದಿಸಲು ಮಾತ್ರ ಗೇಜ್ ಇಲ್ಲದೆ ಆಗುವುದಿಲ್ಲ.

ತಪ್ಪು ಮೊದಲ ಹಂತದ್ದು ಅಂತಾದರೆ, ಒಳಗೆ ಗಾಳಿ ತಡೆಯುವುದು ಎರಡೇ ವಸ್ತು. ಒಂದು ಚೂಪು ಅಂಚಿನ ಲೋಹದ ನಾಝಲ್, ಅದಕ್ಕೆ ಒತ್ತಿ ಕೂರುವ ಮೆದು ಸೀಟ್ ಇನ್ನೊಂದು. ಹಳೆಯ ಸೀಟಿನ ಮೇಲೆ ನಾಝಲ್ ಒತ್ತಿ ಒತ್ತಿ ಬಳೆಯಂಥ ಗುರುತು ಬಿದ್ದಿರುತ್ತದೆ. ಆ ಗುರುತು ಸಮವಾಗಿದ್ದರೆ ಸೀಟ್ ಸವೆದಿದೆ, ಹೊಸದು ಹಾಕಿದರೆ ಮುಗಿಯಿತು. ಗುರುತು ಒಂದು ಕಡೆ ಕಡಿದು ಹೋಗಿದ್ದರೆ, ಇಲ್ಲವೇ ಒಂದು ಕಡೆ ಮಾತ್ರ ಆಳವಾಗಿದ್ದರೆ ನಾಝಲ್ ನೋಡಿ.

ನಾನು ಎಡವಿದ್ದು ಇಲ್ಲೇ. ಸೀಟ್ ಹಾಕಿದೆ, ಮುಳ್ಳು ಏರಿತು. ಸೀಟೇ ಕಳಪೆ ಇರಬೇಕು ಅಂತ ಇನ್ನೊಂದು ಹಾಕಿದೆ, ಮತ್ತೆ ಏರಿತು. ಕೊನೆಗೆ ನಮ್ಮ ಬೀದಿಯ ವಾಚ್ ರಿಪೇರಿಯವರ ಹತ್ತಿರ ಹೋಗಿ, ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನಾಝಲಿನ ಅಂಚು ನೋಡಿದೆ. ಉಗುರಿಗೆ ಸಿಗದ, ಬರಿಗಣ್ಣಿಗೆ ಕಾಣದ ಒಂದು ಪುಟ್ಟ ಹಳ್ಳ. ಯಾರೋ ಹಿಂದೆ ಸ್ಟೀಲ್ ಸೂಜಿಯಿಂದ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ತೆಗೆಯುವಾಗ ತಗುಲಿಸಿರಬೇಕು. ಎರಡು ಸೀಟೂ ಸರಿಯಾಗಿಯೇ ಇದ್ದವು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಅಂಥ ಕನ್ನಡಿ ನಿಮ್ಮ ಪೆಟ್ಟಿಗೆಯಲ್ಲಿ ಇರಲೇಬೇಕು. ಓ-ರಿಂಗ್ ತೆಗೆಯಲು ಹಿತ್ತಾಳೆಯ ಇಲ್ಲವೇ ಪ್ಲಾಸ್ಟಿಕ್ಕಿನ ಕಡ್ಡಿ ಬಳಸಿ, ಸ್ಟೀಲ್ ಬೇಡ.

ಹಳ್ಳ ತೀರ ಸಣ್ಣದಿದ್ದರೆ ತುಂಬ ನಯವಾದ ಪಾಲಿಶ್ ಹಾಳೆಯಲ್ಲಿ ಅಂಚನ್ನು ಸಮವಾಗಿ ಸುತ್ತಿಸಿ ಸರಿಮಾಡಬಹುದು. ಓರೆಯಾದರೆ ನಾಝಲೇ ಹಾಳು. ನಾನು ಮಾಡಿದ್ದು ಲೇತ್ ಇರುವ ಒಬ್ಬರಿಂದ. ಕೈಯಲ್ಲಿ ಮಾಡುವ ಧೈರ್ಯ ನನಗೆ ಬರಲಿಲ್ಲ, ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಇನ್ನು ಮುಳ್ಳು ನಿಂತಲ್ಲೇ ಇದ್ದು ಸುಯ್ ಅನ್ನುತ್ತಿದ್ದರೆ ತಪ್ಪು ಎರಡನೇ ಹಂತದಲ್ಲಿದೆ. ಇಲ್ಲಿ ಒಂದು ಸುಲಭ ಪರೀಕ್ಷೆ ಇದೆ. ವಾಲ್ವ್ ಮುಚ್ಚಿ, ಒತ್ತಡ ಬಿಟ್ಟು, ಡಬ್ಬಿಯ ಮುಚ್ಚಳ ಮತ್ತು ಡಯಾಫ್ರಾಮ್ ತೆಗೆದಿಡಿ. ಲಿವರ್ ಬರಿಗಾಳಿಯಲ್ಲಿ ಇರಲಿ. ಈಗ ಮತ್ತೆ ನಿಧಾನಕ್ಕೆ ಗಾಳಿ ಬಿಡಿ. ಸೋರುವುದು ನಿಂತಿತಾ? ಹಾಗಾದರೆ ಲಿವರ್ ಎತ್ತರ ಜಾಸ್ತಿ, ಡಯಾಫ್ರಾಮ್ ಕೂತ ಕೂಡಲೇ ಅದನ್ನು ಒತ್ತುತ್ತಿತ್ತು. ಇನ್ನೂ ಸೋರುತ್ತಿದೆಯಾ? ಹಾಗಾದರೆ ಎರಡನೇ ಹಂತದ ಸೀಟ್ ಅಥವಾ ಸ್ಪ್ರಿಂಗ್ ನೋಡಬೇಕು.

ಲಿವರ್ ಡಯಾಫ್ರಾಮಿನ ತಟ್ಟೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ಮುಚ್ಚಳ ಹಾಕಿ ಡಬ್ಬಿಯನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದರೆ ಸಣ್ಣಗೆ ಟಿಕ್ ಅನ್ನುವಷ್ಟು ಸಂದು ಸಾಕು. ಹೊಸ ಸಿಲಿಕೋನ್ ಡಯಾಫ್ರಾಮ್ ಹಳೆಯ ರಬ್ಬರಿನದ್ದಕ್ಕಿಂತ ಬೇರೆ ದಪ್ಪ ಇರಬಹುದು. ಹಾಗಾಗಿ ಡಯಾಫ್ರಾಮ್ ಬದಲಾಯಿಸಿದ ಮೇಲೆ ಲಿವರ್ ಎತ್ತರ ಮತ್ತೆ ನೋಡಲೇಬೇಕು.

ಇನ್ನೊಂದು ವಿಷಯ ಹಲವರಿಗೆ ತಲೆನೋವು ಕೊಡುತ್ತದೆ. ಸಿಲಿಂಡರ್ ತುಂಬಿದಾಗ ಸದ್ದಿಲ್ಲದೆ ಇದ್ದ ಅಕ್ವಾ-ಮಾಸ್ಟರ್ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಸುಯ್ ಅನ್ನಲು ಶುರುಮಾಡುತ್ತದೆ. ಇದರ ಮೊದಲ ಹಂತದಲ್ಲಿ ಸಿಲಿಂಡರಿನ ಒತ್ತಡವೇ ಕವಾಟ ಮುಚ್ಚಲು ಸಹಾಯ ಮಾಡುತ್ತದೆ. ಒತ್ತಡ ಕಡಿಮೆಯಾದಂತೆ ಆ ಸಹಾಯ ಕಡಿಮೆಯಾಗಿ ನಡು ಒತ್ತಡ ಸ್ವಲ್ಪ ಏರುತ್ತದೆ. ಮುಂದೆ ಬಂದ ರಾಯಲ್ ಅಕ್ವಾ-ಮಾಸ್ಟರಿನಲ್ಲಿ ಇದನ್ನು ಸರಿದೂಗಿಸಿದ್ದಾರೆ, ಹಾಗಾಗಿ ಅದರಲ್ಲಿ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ನಿಮ್ಮದು ಹಳೆಯದಾದರೆ ಕೊನೆಯ ಪರೀಕ್ಷೆಯನ್ನು 30 ಬಾರ್ ಉಳಿದ ಸಿಲಿಂಡರಿನಲ್ಲೂ ಮಾಡಿ. ಅಲ್ಲೂ ಸೋರದಿದ್ದರೆ ಹೊಂದಿಕೆ ಸರಿಯಾಗಿದೆ.

ನೀರಿನಲ್ಲಿ ಮಾತ್ರ ಸೋರಿದರೆ

ಮೇಜಿನ ಮೇಲೆ ಒಂದು ಗಂಟೆ ಇಟ್ಟೆ, ಸದ್ದೇ ಇಲ್ಲ. ಈಜುಕೊಳಕ್ಕೆ ಇಳಿದು ಬಾಯಿ ತುಂಡನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದೆ. ಭರ್ರ್ ಅಂತ ಗಾಳಿ ನುಗ್ಗಿತು. ಗಾಬರಿಯಾಗಿ ವಾಲ್ವ್ ಮುಚ್ಚಿಸಿ ಮೇಲೆ ಬಂದು, ಅವತ್ತು ರಾತ್ರಿಯೇ ಎರಡನೇ ಹಂತ ಬಿಚ್ಚಿ ಸೀಟ್ ಬದಲಾಯಿಸಿದೆ. ಮರುವಾರ ಅದೇ ಕಥೆ.

ಅದು ದೋಷವೇ ಅಲ್ಲ. ರೆಗ್ಯುಲೇಟರ್ ಬೆನ್ನಿನ ಮೇಲೆ ಕೆಳಗಿದೆ, ಬಾಯಿ ತುಂಡು ಮೇಲಿದೆ. ಕೆಳಗೆ ನೀರಿನ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಡಯಾಫ್ರಾಮಿಗೆ ಅದು ಯಾರೋ ಉಸಿರೆಳೆದ ಹಾಗೆಯೇ ಕಾಣುತ್ತದೆ. ಕವಾಟ ತೆರೆಯಲು 3 ಸೆಂ.ಮೀ. ನೀರು ಸಾಕು ಅಂದೆನಲ್ಲ, ನಾನು ಎತ್ತಿ ಹಿಡಿದದ್ದು 30 ಸೆಂ.ಮೀ. ಮೇಲೆ.

ಈ ಯಂತ್ರ ಹುಟ್ಟಿದಾಗಿನಿಂದ ಇರುವ ವಿಷಯ ಇದು. 1943ರಲ್ಲಿ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಮತ್ತು ಫ್ರೆಂಚ್ ನೌಕಾಪಡೆಯ ಜಾಕ್ ಕೂಸ್ಟೋ ಪ್ಯಾರಿಸ್ ಹೊರಗಿನ ಮಾರ್ನ್ ನದಿಯಲ್ಲಿ ಮೊದಲ ಮಾದರಿಯನ್ನು ಪರೀಕ್ಷಿಸಿದರು. ಮಲಗಿ ಈಜಿದಾಗ ಉಸಿರು ಚೆನ್ನಾಗಿ ಬಂತು. ನೆಟ್ಟಗೆ ನಿಂತರೆ ಗಾಳಿ ಪೋಲಾಯಿತು, ತಲೆಕೆಳಗಾದರೆ ಉಸಿರು ಸಿಗಲಿಲ್ಲ. ಗಾಳಿ ಒಳಬರುವ ಜಾಗಕ್ಕೂ ಉಸಿರು ಹೊರಹೋಗುವ ಜಾಗಕ್ಕೂ ನಡುವೆ ಅಂತರ ಇದ್ದದ್ದೇ ಕಾರಣ ಅಂತ ಗಾನ್ಯಾನ್ ಕಂಡುಕೊಂಡರು. ಹೊರಹೋಗುವ ಕವಾಟವನ್ನು ಡಯಾಫ್ರಾಮಿನ ಪಕ್ಕಕ್ಕೇ ತಂದರು. ಆವತ್ತಿನಿಂದ ಎರಡು ಹೋಸಿನ ಎಲ್ಲ ರೆಗ್ಯುಲೇಟರಿನಲ್ಲೂ ಡಕ್‌ಬಿಲ್ ಬೆನ್ನಿನ ಡಬ್ಬಿಯೊಳಗೇ ಇದೆ, ಎಡಗಡೆಯ ಹೋಸು ಅಷ್ಟುದ್ದ ಹಿಂದಕ್ಕೆ ಹೋಗುವುದೂ ಅದಕ್ಕೇ. ಬಾಯಿ ಹತ್ತಿರವೇ ಉಸಿರು ಬಿಡಿಸಿಬಿಟ್ಟರೆ ಹೋಸೊಂದು ಉಳಿಯುತ್ತದಲ್ವಾ ಅಂತ ಯೋಚಿಸಿ ಬದಲಾವಣೆ ಮಾಡಲು ಹೋಗಬೇಡಿ. ಮಾರ್ನ್ ನದಿಯ ದೋಷ ವಾಪಸ್ ಬರುತ್ತದೆ.

ನಿಯಮ ಹೀಗಿಟ್ಟುಕೊಳ್ಳಿ. ಒಣ ಮೇಜಿನ ಮೇಲೆ ಸೋರಿದರೆ ದೋಷ. ಬಾಯಿ ತುಂಡು ಡಬ್ಬಿಯ ಮಟ್ಟದಲ್ಲೇ ಇದ್ದಾಗ ನೀರಿನಲ್ಲಿ ಸೋರಿದರೆ ದೋಷ. ಎತ್ತಿ ಹಿಡಿದಾಗ ಮಾತ್ರ ಸೋರಿದರೆ ಅದು ಅದರ ಸ್ವಭಾವ. ಅಂಗಾತ ತಿರುಗಿದಾಗ ಉಸಿರು ತಾನಾಗಿ ನುಗ್ಗುವುದೂ ಹಾಗೆಯೇ.

ಉಸಿರು ಬಿಗಿಯಾದರೆ

ಇಲ್ಲೂ ಮೊದಲು ಸ್ವಭಾವ ಯಾವುದು, ದೋಷ ಯಾವುದು ನೋಡಿ. ಬೋರಲಾಗಿ ಈಜುವಾಗ ಡಬ್ಬಿ ನಿಮ್ಮ ಪುಪ್ಪುಸಕ್ಕಿಂತ ಮೇಲಿರುತ್ತದೆ. ಅಲ್ಲಿ ಒತ್ತಡ ಕಡಿಮೆ, ಎಳೆಯಲು ಜಾಸ್ತಿ ಬಲ ಬೇಕು. ಈಗಿನ ರೆಗ್ಯುಲೇಟರಿಗೆ ಒಗ್ಗಿದವರು ಸಿಲಿಂಡರನ್ನು ಎತ್ತರಕ್ಕೆ ಕಟ್ಟಿಕೊಳ್ಳುತ್ತಾರೆ, ಡಬ್ಬಿ ಕತ್ತಿನ ಹಿಂದೆ ಬರುತ್ತದೆ. ಸಿಲಿಂಡರ್ ಕೆಳಗಿಳಿಸಿ ಡಬ್ಬಿ ಎರಡು ಹೆಗಲೆಲುಬಿನ ನಡುವೆ, ಬೆನ್ನಿಗೆ ಒತ್ತಿದಂತೆ ಬರುವ ಹಾಗೆ ಕಟ್ಟಿಕೊಳ್ಳಿ. ನನಗೆ ಈ ಒಂದು ಬದಲಾವಣೆಯಲ್ಲೇ ಅರ್ಧ ದೂರು ಮಾಯವಾಯಿತು.

ಒಣ ಮೇಜಿನ ಮೇಲೆಯೂ ಬಿಗಿ ಇದ್ದರೆ ಗೇಜ್ ನೋಡುತ್ತಾ ಜೋರಾಗಿ ಒಂದು ಉಸಿರೆಳೆಯಿರಿ. ಮುಳ್ಳು ಒಂದು ಬಾರ್ ಆಸುಪಾಸು ಇಳಿದು ತಕ್ಷಣ ಮೇಲೆ ಬರಬೇಕು. ಮೂರು ನಾಲ್ಕು ಬಾರ್ ಕುಸಿದು ನಿಧಾನಕ್ಕೆ ಬಂದರೆ ಗಾಳಿಯ ದಾರಿಯಲ್ಲಿ ಅಡ್ಡಿ ಇದೆ. ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿದೆಯಾ ಮೊದಲು ನೋಡಿ. ಆ ಮೇಲೆ ಫಿಲ್ಟರ್. ಮುಳ್ಳು ಹೆಚ್ಚು ಇಳಿಯದೆ ಉಸಿರು ಮಾತ್ರ ಬಿಗಿ ಇದ್ದರೆ ಲಿವರ್ ತಗ್ಗಾಗಿದೆ, ಅಥವಾ ಹಳೆಯ ಡಯಾಫ್ರಾಮ್ ಒಣಗಿ ಗಟ್ಟಿಯಾಗಿದೆ. ಬೆರಳಲ್ಲಿ ಒತ್ತಿ ನೋಡಿ, ಮೆದುವಾಗಿ ಬಾಗಬೇಕು, ಚರ್ಮದ ಹಾಗೆ ತಡೆಯಬಾರದು.

ಬಾಯಿಗೆ ನೀರು ಬಂದರೆ

ಸಿಲಿಂಡರಿಗೆ ಹಾಕದೆ, ಯೋಕಿಗೆ ಮುಚ್ಚಳ ಕೂರಿಸಿ, ಬಾಯಿ ತುಂಡಿನಿಂದ ಗಾಳಿ ಎಳೆಯಿರಿ. ಏನೂ ಬರಬಾರದು. ನಾಲಿಗೆ ಅಂಟಿಕೊಂಡ ಹಾಗೆ ನಿಲ್ಲಬೇಕು. ಗಾಳಿ ಬಂದರೆ ನೀರೂ ಬರುತ್ತದೆ.

ಎಲ್ಲಿಂದ ಅಂತ ಭಾಗ ಮಾಡಿ ಹುಡುಕಿ. ಎರಡೂ ಹೋಸನ್ನು ಡಬ್ಬಿಯಿಂದ ಬಿಡಿಸಿ, ತುದಿಗಳನ್ನು ಅಂಗೈಯಲ್ಲಿ ಮುಚ್ಚಿ ಎಳೆಯಿರಿ. ಗಾಳಿ ಬಂದರೆ ಹೋಸು, ಕ್ಲಾಂಪ್ ಅಥವಾ ಬಾಯಿ ತುಂಡು. ತುದಿ ಮುಚ್ಚಿಕೊಂಡೇ ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ಊದಿದರೆ ಗುಳ್ಳೆ ಜಾಗ ತೋರಿಸುತ್ತದೆ. ಬರದಿದ್ದರೆ ಬಲಗಡೆಯ ಹೋಸನ್ನು ಮಾತ್ರ ಡಬ್ಬಿಗೆ ಜೋಡಿಸಿ ನೋಡಿ. ಈಗ ಬಂದರೆ ಡಯಾಫ್ರಾಮಿನ ಅಂಚು ಸರಿ ಕೂತಿಲ್ಲ. ಅದೂ ಸರಿ ಇದ್ದು ಎಡ ಹೋಸು ಜೋಡಿಸಿದಾಗ ಬಂದರೆ ಡಕ್‌ಬಿಲ್. ಕೊಕ್ಕಿನ ಎರಡು ತುಟಿಯ ನಡುವೆ ಒಂದು ಮರಳಿನ ಕಾಳು ಸಿಕ್ಕಿದ್ದರೂ ಸಾಕು.

ಡಬ್ಬಿಯ ಎರಡು ಅರ್ಧವನ್ನು ಹಿಡಿಯುವ ಕ್ಲಿಪ್ಪುಗಳನ್ನು ಎದುರುಬದುರಾಗಿ ಒಂದೊಂದೇ ಹಾಕುತ್ತಾ ಬನ್ನಿ. ಒಂದೇ ಕಡೆಯಿಂದ ಸಾಲಾಗಿ ಹಾಕಿದರೆ ಡಯಾಫ್ರಾಮ್ ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ. ಸಿಲಿಕೋನ್ ಭಾಗಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಉಬ್ಬುತ್ತವೆ. ಒಣಗಿಸಿಯೇ ಹಾಕಿ.

ಕಿಲುಬು, ತೊಳೆಯುವುದು, ಓ-ರಿಂಗ್

ಹಿತ್ತಾಳೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ನೆನಪಾಗುತ್ತದೆ. ಕಿಲುಬು ಬಿಡಿಸುತ್ತದೆ ನಿಜ, ಆದರೆ ಅದರ ನಾರು ಸಣ್ಣ ತೂತುಗಳಲ್ಲಿ ಉಳಿಯುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಹತ್ತು ನಿಮಿಷ ನೆನೆಸಿ, ಮೆದು ಬ್ರಷ್ಷಿನಲ್ಲಿ ಉಜ್ಜಿ. ಸಾಲದಿದ್ದರೆ ಇನ್ನೊಮ್ಮೆ. ರಾತ್ರಿಯೆಲ್ಲ ನೆನೆಹಾಕಬೇಡಿ, ಕ್ರೋಮ್ ಲೇಪ ಎದ್ದುಬರುತ್ತದೆ. ಕಿಲುಬು ಹೋದ ಜಾಗ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿದ್ದರೆ ಹಿತ್ತಾಳೆಯಲ್ಲಿನ ಸತು ಹೊರಟುಹೋಗಿದೆ. ಒತ್ತಡ ತಡೆಯುವ ಭಾಗದಲ್ಲಿ ಹಾಗೆ ಕಂಡರೆ ಆ ಭಾಗವನ್ನು ಮತ್ತೆ ಬಳಸಬೇಡಿ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ. ಬೆಂಗಳೂರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಸುತ್ತದೆ, ಅದೇ ಸೀಟಿನಡಿ ಸಿಕ್ಕಿ ಮತ್ತೆ ಸೋರಿಕೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತನ್ನಿ.

ಓ-ರಿಂಗ್ ಎಲ್ಲವನ್ನೂ ಬದಲಾಯಿಸಿ. ಅಳತೆ ಒಂದೇ ಇದ್ದರೂ ಗಟ್ಟಿತನ ಬೇರೆ ಇರುತ್ತದೆ. ಹೆಚ್ಚಿನ ಒತ್ತಡದ ಜಾಗಕ್ಕೆ 90 ಶೋರ್ ಗಟ್ಟಿತನದ್ದು ಕೇಳಿ ತನ್ನಿ. ಮಾಮೂಲಿ 70ರದ್ದು ಹಾಕಿದರೆ ಸಂದಿಯಲ್ಲಿ ಹಿಸುಕಿಕೊಂಡು ಹೊರಬರುತ್ತದೆ. ಇವಕ್ಕೆ ಉಸಿರಾಟದ ಸಾಮಾನಿಗೆ ತಕ್ಕ ಸಿಲಿಕೋನ್ ಗ್ರೀಸ್, ಅದೂ ಹೊಳಪು ಬರುವಷ್ಟು ಮಾತ್ರ. ಗಾಡಿ ಗ್ರೀಸ್, ಮೆಷಿನ್ ಎಣ್ಣೆ, ವ್ಯಾಸಲೀನ್ ಯಾವುದೂ ಇದರ ಹತ್ತಿರ ಬರಬಾರದು. ಹೆಚ್ಚು ಒತ್ತಡದ ಗಾಳಿ ಒಮ್ಮೆಲೇ ನುಗ್ಗಿದಾಗ ಎಣ್ಣೆಗೆ ಬೆಂಕಿ ಹತ್ತಬಹುದು. ಇಲ್ಲಿ ಹೇಳಿದ್ದೆಲ್ಲ ಬರೀ ಗಾಳಿಗೆ. ಆಮ್ಲಜನಕ ಜಾಸ್ತಿ ಸೇರಿಸಿದ ಮಿಶ್ರಣಕ್ಕೆ ಈ ಹಳೆಯ ರೆಗ್ಯುಲೇಟರನ್ನು ಬಳಸಬೇಡಿ.

ಹಳೆಯ ಸಿಲಿಂಡರ್ ಕೂಡ ಸಿಕ್ಕಿದ್ದರೆ

ರೆಗ್ಯುಲೇಟರಿಗೆ ಕೊಟ್ಟ ತಾಳ್ಮೆಯನ್ನು ಹಳೆಯ ಸಿಲಿಂಡರಿಗೆ ಕೊಡಬೇಡಿ ಅಂತ ನನ್ನ ಸಲಹೆ. ಹಳೆಯ ಅಲ್ಯೂಮಿನಿಯಂ ಸಿಲಿಂಡರುಗಳಲ್ಲಿ 6351 ಅನ್ನುವ ಮಿಶ್ರಲೋಹದವು ಇವೆ, ಅವುಗಳ ಕುತ್ತಿಗೆಯಲ್ಲಿ ಬಿರುಕು ಬರುತ್ತದೆ. ವಾಲ್ವಿನ ತಿರುಪಿನ ಸುತ್ತಿನಲ್ಲೂ (ಥ್ರೆಡ್) ಅಪಾಯ ಇದೆ. 25 ಮಿ.ಮೀ. ತಿರುಪಿನ ವಾಲ್ವನ್ನು ಮುಕ್ಕಾಲು ಇಂಚಿನ ತಿರುಪಿನ ಸಿಲಿಂಡರಿಗೆ ತಿರುಗಿಸಿದರೆ ಕೂತ ಹಾಗೆ ಕಾಣುತ್ತದೆ, ಒತ್ತಡ ಬಂದಾಗ ಗುಂಡಿನ ಹಾಗೆ ಹಾರುತ್ತದೆ. ನಮ್ಮ ದೇಶದಲ್ಲಿ ಸಿಲಿಂಡರ್ ಪರೀಕ್ಷೆಗೆ ಪೆಸೊ (ಸ್ಫೋಟಕ, ಒತ್ತಡದ ಸಿಲಿಂಡರುಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಪಡೆದ ಕೇಂದ್ರಗಳಿವೆ. ಅಲ್ಲಿಯ ಮುದ್ರೆ ಇಲ್ಲದ್ದನ್ನು ತುಂಬಿಸಲು ಯಾರನ್ನೂ ಕೇಳಬೇಡಿ. ನಾನು ಡೈವಿಂಗ್ ಶಾಪಿನ ಈಗಿನ ಸಿಲಿಂಡರನ್ನೇ ಬಾಡಿಗೆಗೆ ಪಡೆಯುತ್ತೇನೆ.

ಹಳೆಯ ಸಿಲಿಂಡರಿನಲ್ಲಿ ಕಡ್ಡಿ ಎಳೆಯುವ ಜೆ-ವಾಲ್ವ್ ಕಂಡರೆ ಅದು ಏನು ಅಂತ ತಿಳಿದಿರಲಿ. ಒತ್ತಡದ ಗೇಜ್ ಇಲ್ಲದ ಕಾಲದಲ್ಲಿ ಸುಮಾರು 20 ಬಾರ್ ಗಾಳಿಯನ್ನು ಸ್ಪ್ರಿಂಗ್ ತಡೆದಿಡುತ್ತಿತ್ತು. ಉಸಿರು ಬಿಗಿಯಾದಾಗ ಕಡ್ಡಿ ಎಳೆದು ಆ ಉಳಿಕೆಯಲ್ಲಿ ಮೇಲೆ ಬರುತ್ತಿದ್ದರು. ನೀರಿಗೆ ಧುಮುಕುವಾಗ ಕಡ್ಡಿ ತಾನಾಗಿ ಕೆಳಗೆ ಜಾರಿದರೆ ಮುನ್ಸೂಚನೆಯೇ ಇಲ್ಲದೆ ಗಾಳಿ ಮುಗಿಯುತ್ತದೆ. ಅದಕ್ಕೇ ಇವತ್ತು ಇದನ್ನು ನಂಬಿ ಇಳಿಯಬಾರದು.

ನೀರಿಗೆ

ಮೊದಲು ನಿಂತರೆ ತಲೆ ಮೇಲೆ ಬರುವ ಆಳದ ಈಜುಕೊಳ. ಜೊತೆಗೆ ಈಗಿನ ರೆಗ್ಯುಲೇಟರ್ ಇರುವ ಗೆಳೆಯ. ಹತ್ತು ನಿಮಿಷ ಬರೀ ಉಸಿರಾಡಿ. ಬೋರಲು, ಅಂಗಾತ, ಎಡಕ್ಕೆ, ಬಲಕ್ಕೆ ತಿರುಗಿ. ಬಾಯಿ ತುಂಡು ತೆಗೆದು ಮತ್ತೆ ಹಾಕುವ ಅಭ್ಯಾಸ ಮಾಡಿ. ಹೋಸಿನಲ್ಲಿ ನೀರು ತುಂಬಿದ್ದರೆ ಎಡಗಡೆಗೆ ಹೊರಳಿ ಜೋರಾಗಿ ಊದಿ. ನೀರು ಎಡ ಹೋಸಿಗೆ ಇಳಿದು ಡಕ್‌ಬಿಲ್ಲಿನಿಂದ ಹೊರಹೋಗುತ್ತದೆ. ಬಲಕ್ಕೆ ಹೊರಳಿದರೆ ಹೋಗುವುದಿಲ್ಲ. ಬಾಯಿ ತುಂಡು ಕೈತಪ್ಪಿದರೆ ಅದು ಮೇಲಕ್ಕೆ ತೇಲಿ ಗಾಳಿ ಭೋರ್ಗರೆಯುತ್ತದೆ, ಹೆದರದೆ ಎಳೆದು ಕೆಳಗೆ ಹಿಡಿಯಿರಿ, ನಿಲ್ಲುತ್ತದೆ. ಮೇಲೆ ಬರುವಾಗ ಉಸಿರು ಹಿಡಿಯಬಾರದು ಅನ್ನುವ ಪಾಠ ಇಲ್ಲೂ ಹಾಗೇ ಇದೆ.

ನಾನು ಆರು ಸಲ ಕೊಳದಲ್ಲಿ ಇಳಿದ ಮೇಲೆ ಮುರುಡೇಶ್ವರದಿಂದ ನೇತ್ರಾಣಿಗೆ ಒಯ್ದೆ. ಬೆನ್ನಿಗೆ ಇನ್ನೊಂದು ಪುಟ್ಟ ಸಿಲಿಂಡರ್, ಅದಕ್ಕೆ ಈಗಿನ ರೆಗ್ಯುಲೇಟರ್ ಕಟ್ಟಿಕೊಂಡೇ ಇಳಿದೆ. 10 ಮೀಟರಿನಲ್ಲಿ ಗುಳ್ಳೆಗಳು ಮುಖದ ಮುಂದೆ ಏಳುವ ಬದಲು ಬೆನ್ನ ಹಿಂದೆ ಏಳುತ್ತಿದ್ದವು. ಕಣ್ಣ ಮುಂದೆ ಒಂದೂ ಗುಳ್ಳೆ ಇಲ್ಲ, ಕಿವಿಗೆ ಸದ್ದು ಕಡಿಮೆ. ಮೀನುಗಳು ಅಷ್ಟು ಹತ್ತಿರ ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ.

ದೋಣಿಗೆ ಬಂದ ಕೂಡಲೇ ಯೋಕಿನ ಮುಚ್ಚಳವನ್ನು ಒರೆಸಿ ಒಣಗಿಸಿ ಬಿಗಿಯಾಗಿ ಹಾಕಿ. ರೂಮಿಗೆ ಬಂದು ಸಿಹಿನೀರಿನಲ್ಲಿ ಹೊರಗಿನಿಂದ ನೆನೆಸಿ, ಬಾಯಿ ತುಂಡಿನಿಂದ ನೀರು ಸುರಿದು ಎಡಗಡೆಯಿಂದ ಬಗ್ಗಿಸಿ ಚೆಲ್ಲಿ. ಹೋಸುಗಳನ್ನು ಡಬ್ಬಿಯಿಂದ ಬಿಡಿಸಿ, ನೆರಳಲ್ಲಿ ಉದ್ದಕ್ಕೆ ನೇತುಹಾಕಿ. ಮಾರನೇ ದಿನ ಫಿಲ್ಟರಿನ ಬಣ್ಣವನ್ನು ಟಾರ್ಚ್ ಹಾಕಿ ಇನ್ನೊಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ ನಡು ಒತ್ತಡದ ಪಕ್ಕ ಬರೆದಿಡಿ.